ಪುಸ್ತಕದ ಪಟ್ಟಿ ಕೇಳಬೇಡಿ: ಕ್ಲೆಪ್ ಸಾಹಿತ್ಯ ಪರೀಕ್ಷೆಯ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ ಕ್ಲೆಪ್ ಪರೀಕ್ಷೆಯ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ತರಗತಿಯಲ್ಲಿ ಕೂರದೆ ಪರೀಕ್ಷೆ ಬರೆದು ಕಾಲೇಜಿನ ಕ್ರೆಡಿಟ್ ಪಡೆಯುವ ದಾರಿ ಇದು ಎಂಬಷ್ಟು ಗೊತ್ತಿದ್ದವರಿಗೆ ಈ ಉತ್ತರಗಳು. ನೋಂದಣಿ ಹೇಗೆ, ಕೇಂದ್ರ ಎಲ್ಲಿ ಎನ್ನುವುದೆಲ್ಲ ಬೋರ್ಡಿನ ಜಾಲತಾಣದಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಸಾಹಿತ್ಯಕ್ಕೆ ಮೂರು ಪರೀಕ್ಷೆಗಳಿವೆ: ಅನಲೈಸಿಂಗ್ ಅಂಡ್ ಇಂಟರ್‌ಪ್ರೆಟಿಂಗ್ ಲಿಟರೇಚರ್, ಅಮೆರಿಕನ್ ಲಿಟರೇಚರ್, ಇಂಗ್ಲಿಷ್ ಲಿಟರೇಚರ್. ಹೆಸರು ಒಂದೇ ಥರ ಕೇಳಿಸಿದರೂ ಮೊದಲನೆಯದಕ್ಕೂ ಉಳಿದೆರಡಕ್ಕೂ ಅಜಗಜಾಂತರ. ಗೊಂದಲದ ಮುಕ್ಕಾಲು ಪಾಲು ಹುಟ್ಟುವುದು ಅಲ್ಲೇ.

ಮಗಳು ಹನ್ನೊಂದನೇ ಗ್ರೇಡ್. ಬೇಸಿಗೆ ರಜೆಯಲ್ಲಿ ಅನಲೈಸಿಂಗ್ ಅಂಡ್ ಇಂಟರ್‌ಪ್ರೆಟಿಂಗ್ ಲಿಟರೇಚರ್ ಬರೆಯಬೇಕೆಂದಿದ್ದಾಳೆ. ಕೋಚಿಂಗ್‌ನವರು 120 ಪುಸ್ತಕಗಳ ಪಟ್ಟಿಯನ್ನೂ ಪ್ರತಿಯೊಂದಕ್ಕೆ ಒಂದು ಪುಟದ ಸಾರಾಂಶವನ್ನೂ ಕೊಟ್ಟಿದ್ದಾರೆ. ಎಲ್ಲವನ್ನೂ ಓದಿ ಮುಗಿಸಲು ಆಗುವುದಿಲ್ಲ. ಯಾವುದು ಮುಖ್ಯ ಹೇಳಿ. — ಒಬ್ಬ ತಾಯಿ, ಎಡಿಸನ್, ನ್ಯೂಜೆರ್ಸಿ

ಪಟ್ಟಿಯನ್ನು ಮಡಚಿ ಎತ್ತಿಡಿ. ಕೊಟ್ಟ ದುಡ್ಡು ವಾಪಸ್ ಸಿಗುತ್ತದೆಯೇ ಕೇಳಿ ನೋಡಿ.

ಈ ಪರೀಕ್ಷೆಯಲ್ಲಿ 98 ನಿಮಿಷ, ಸುಮಾರು 80 ಬಹುಆಯ್ಕೆ ಪ್ರಶ್ನೆಗಳು. ಪರದೆಯ ಮೇಲೆ ಒಂದು ಕವಿತೆ, ಇಲ್ಲವೇ ಗದ್ಯದ ಅಥವಾ ನಾಟಕದ ತುಣುಕು ಬರುತ್ತದೆ. ಅದರ ಮೇಲೆ ಒಂದಷ್ಟು ಪ್ರಶ್ನೆ. ಉತ್ತರ ಇರುವುದು ಆ ತುಣುಕಿನೊಳಗೇ. ಕಾದಂಬರಿಯ ಕೊನೆಯಲ್ಲಿ ನಾಯಕಿ ಏನಾದಳು, ಕವಿ ಯಾವ ಇಸವಿಯಲ್ಲಿ ಸತ್ತ ಎಂದು ಕೇಳುವುದಿಲ್ಲ. ಆ ಕೃತಿಯನ್ನು ಮೊದಲೇ ಓದಿರಬೇಕೆಂಬ ನಿರೀಕ್ಷೆಯೂ ಇಲ್ಲ. ಹಾಗಾಗಿ ಸಾರಾಂಶ ಉರು ಹೊಡೆದವರಿಗೆ ಲಾಭ ಇಲ್ಲವೇ ಇಲ್ಲ, ಎಷ್ಟೋ ಸಲ ನಷ್ಟವೇ ಆಗುತ್ತದೆ. ಪರಿಚಯದ ಕಥೆಯ ತುಣುಕು ಕಂಡ ತಕ್ಷಣ ಮಕ್ಕಳು ಅದನ್ನು ಓದುವುದನ್ನು ಬಿಟ್ಟು ನೆನಪಿನಿಂದ ಗುರುತು ಹಾಕುತ್ತಾರೆ. ಇಡೀ ಪುಸ್ತಕದ ಮಟ್ಟಿಗೆ ನಿಜವಾಗಿದ್ದು ಮುಂದಿರುವ ಇಪ್ಪತ್ತು ಸಾಲಿನಲ್ಲಿ ಎಲ್ಲೂ ಇಲ್ಲದ ಆಯ್ಕೆ ಅವರ ಪಾಲಿನ ಬಲೆ.

ಏನು ಬರುತ್ತದೆ ಎಂಬ ಅಳತೆಯನ್ನು ಬೋರ್ಡೇ ಪ್ರಕಟಿಸಿದೆ. ಕವಿತೆ 35–45 ಶೇಕಡಾ, ಗದ್ಯ 35–45, ನಾಟಕ 15–30. ಬ್ರಿಟಿಷ್ ಬರಹ ಅರ್ಧಕ್ಕಿಂತ ಹೆಚ್ಚು, ಅಮೆರಿಕದ್ದು ಅದರ ನಂತರ, ಅನುವಾದವಾಗಿ ಬಂದದ್ದು ಸ್ವಲ್ಪ. ನಮ್ಮ ಮಕ್ಕಳು ಎಡವುವ ಅಂಕಿ ಬೇರೆ: ರಿನೈಸಾನ್ಸ್ ಮತ್ತು 17ನೇ ಶತಮಾನ 20–30 ಶೇಕಡಾ, 18 ಮತ್ತು 19ನೇ ಶತಮಾನ 35–45 ಶೇಕಡಾ. ಅಂದರೆ ಪರೀಕ್ಷೆಯ ಅರ್ಧಕ್ಕಿಂತ ಹೆಚ್ಚು ಪಾಲು 1900ಕ್ಕೆ ಮುಂಚಿನ ಇಂಗ್ಲಿಷ್. ಹೈಸ್ಕೂಲಿನಲ್ಲಿ ಎ ಗ್ರೇಡ್ ತೆಗೆಯುವ, ದಿನಕ್ಕೊಂದು ಹೊಸ ಕಾದಂಬರಿ ಮುಗಿಸುವ ಮಕ್ಕಳೂ ಇಲ್ಲಿ ಜಾರುತ್ತಾರೆ. ಅವರಿಗೆ ವೇಗವಾಗಿ ಓದುವ ಅಭ್ಯಾಸವಿದೆ, ಹಳೆಯ ವಾಕ್ಯವನ್ನು ಬಿಡಿಸುವ ಅಭ್ಯಾಸವಿಲ್ಲ.

ಮಗಳ ಓದು ಎಲ್ಲಿ ನಿಂತಿದೆ ಎಂದು ನೋಡಲು ಒಂದು ಕವಿತೆ ಸಾಕು. ಷೇಕ್ಸ್‌ಪಿಯರ್‌ನ 73ನೇ ಸಾನೆಟ್ ತೆಗೆದು ಮುಂದಿಡಿ. ಹದಿನಾಲ್ಕು ಸಾಲು. ಮಾತನಾಡುವವನು ತನ್ನನ್ನು ಮೊದಲು ಎಲೆ ಉದುರಿದ ಮರಕ್ಕೆ, ಆಮೇಲೆ ಸಂಜೆಯ ಬೆಳಕಿಗೆ, ಕೊನೆಗೆ ಬೂದಿಯ ಮೇಲೆ ನಂದುತ್ತಿರುವ ಬೆಂಕಿಗೆ ಹೋಲಿಸಿಕೊಳ್ಳುತ್ತಾನೆ. ‘ಇದು ಮುಪ್ಪಿನ ಬಗ್ಗೆ, ಸಾವಿನ ಬಗ್ಗೆ’ ಎಂದು ಅವಳು ಅರ್ಧ ನಿಮಿಷದಲ್ಲಿ ಹೇಳುತ್ತಾಳೆ. ಸರಿಯೇ. ಆದರೆ ಪರೀಕ್ಷೆ ಶುರುವಾಗುವುದು ಆಮೇಲೆ. ಈ ಮೂರು ಕೇಳಿ.

ಮೊದಲನೆಯದು, 4ನೇ ಸಾಲಿನಲ್ಲಿ ಹಕ್ಕಿಗಳು ‘ಲೇಟ್’ ಹಾಡಿದವು ಎಂದಿದೆಯಲ್ಲ, ಅದರ ಅರ್ಥವೇನು? ತಡವಾಗಿ, ರಾತ್ರಿಯಾದ ಮೇಲೆ ಎಂದರೆ ತಪ್ಪು. ಆ ಕಾಲದ ಬಳಕೆಯಲ್ಲಿ ಅದು ‘ಮೊನ್ನೆ ಮೊನ್ನೆಯವರೆಗೆ’. ಮುಂದಿನ ಸಾಲುಗಳಲ್ಲೇ ಸಂಜೆ, ರಾತ್ರಿ ಬರುವುದರಿಂದ ತಪ್ಪು ಅರ್ಥ ಚೆನ್ನಾಗಿ ಒಗ್ಗಿದಂತೆ ಕಾಣುತ್ತದೆ. ಬೀಳುವುದು ಅದಕ್ಕೇ.

ಎರಡನೆಯದು, 8ನೇ ಸಾಲಿನಲ್ಲಿ ಸಾವಿನ ಇನ್ನೊಂದು ರೂಪ ಎಂದು ಯಾವುದನ್ನು ಕರೆದಿದೆ? ಸಂಜೆಯನ್ನೇ, ರಾತ್ರಿಯನ್ನೇ, ನಿದ್ದೆಯನ್ನೇ? ಹಿಂದಿನ ಸಾಲಿನ ಕರ್ತೃಪದ ಹುಡುಕಿದರೆ ಉತ್ತರ ಒಂದೇ, ಕಪ್ಪು ರಾತ್ರಿ. ಭಾವಾರ್ಥ ನೋಡಿ ಊಹಿಸಿದರೆ ನಿದ್ದೆ ಎಂದು ಗುರುತು ಹಾಕಿ ಮುಂದೆ ಹೋಗುತ್ತಾಳೆ.

ಮೂರನೆಯದು ನಿಜವಾದ ಪರೀಕ್ಷೆ. 10ನೇ ಸಾಲಿನಲ್ಲಿ ಬರುವ ‘ಹಿಸ್’ ಯಾರದು? ‘ಅವನ ಯೌವನದ ಬೂದಿ’ ಎಂದಾಗ ಮಗು ಮಾತನಾಡುತ್ತಿರುವ ಮುದುಕನನ್ನೇ ಹಿಡಿದುಕೊಳ್ಳುತ್ತದೆ. ಆದರೆ ಅವನು ಕವಿತೆಯುದ್ದಕ್ಕೂ ತನ್ನನ್ನು ‘ಮಿ’ ಎಂದೇ ಹೇಳಿಕೊಂಡಿದ್ದಾನೆ, ಇದ್ದಕ್ಕಿದ್ದಂತೆ ‘ಅವನು’ ಆಗಲು ಸಾಧ್ಯವಿಲ್ಲ. ಬೂದಿಯ ಮೇಲೆ ಮಲಗಿರುವುದು ಬೆಂಕಿ. ಷೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ನಿರ್ಜೀವ ವಸ್ತುವಿಗೂ ‘ಹಿಸ್’ ಬರುತ್ತಿತ್ತು, ‘ಇಟ್ಸ್’ ಇನ್ನೂ ಬಳಕೆಗೆ ಬಂದಿರಲಿಲ್ಲ ಎನ್ನಬಹುದು. ಅಷ್ಟು ತಿಳಿದರೆ 12ನೇ ಸಾಲೂ ಬಿಚ್ಚಿಕೊಳ್ಳುತ್ತದೆ: ಯಾವುದು ಸಾಕಿತ್ತೋ ಅದೇ ಈಗ ನುಂಗುತ್ತಿದೆ. ಬೆಂಕಿಯನ್ನು ಸಾಕಿದ್ದು ಸೌದೆ, ಉಸಿರುಗಟ್ಟಿಸುತ್ತಿರುವುದು ಅದೇ ಸೌದೆಯ ಬೂದಿ. ಈ ಒಂದು ಸರ್ವನಾಮ ತಪ್ಪಿದರೆ ಆ ನಾಲ್ಕು ಸಾಲಿನ ಮೇಲೆ ಬರುವ ಎರಡು ಮೂರು ಪ್ರಶ್ನೆಗಳೂ ಒಟ್ಟಿಗೆ ಹೋಗುತ್ತವೆ.

ರಚನೆಯ ಪ್ರಶ್ನೆಯೂ ಇದೇ ಕವಿತೆಯಲ್ಲಿ ಸಿಗುತ್ತದೆ. ಋತು, ದಿನ, ಒಲೆಯ ಕೊನೆಯ ಗಳಿಗೆ ಎಂದು ಕಾಲದ ಅಳತೆ ಕುಗ್ಗುತ್ತಾ ಬರುತ್ತದೆ. 13ನೇ ಸಾಲಿನಲ್ಲಿ ಮಾತು ‘ನನ್ನಲ್ಲಿ ಇದನ್ನು ನೋಡುತ್ತೀ’ ಎಂಬಲ್ಲಿಂದ ‘ಅದನ್ನು ಕಂಡ ನಿನ್ನ ಪ್ರೀತಿ ಗಟ್ಟಿಯಾಗುತ್ತದೆ’ ಎಂಬಲ್ಲಿಗೆ ಹೊರಳುತ್ತದೆ. ಎಲ್ಲಿ ಹೊರಳಿತು ಎಂದು ಗುರುತಿಸಲು ಬಂದರೆ ಸಾನೆಟ್ ಪ್ರಶ್ನೆಗಳ ಅರ್ಧ ಕೆಲಸ ಮುಗಿದಂತೆ.

ಹೀಗೆ ಓದುವುದನ್ನು ಕಲಿಯಲು ಎಂಟು ವಾರ ಸಾಕು. ವಾರಕ್ಕೆ ಐದು ದಿನ, ದಿನಕ್ಕೆ ಎರಡು ತುಣುಕು, ಮುಕ್ಕಾಲು ಗಂಟೆ. ಹತ್ತು ತುಣುಕಿನಲ್ಲಿ ನಾಲ್ಕು ಕವಿತೆ, ನಾಲ್ಕು ಗದ್ಯ, ಎರಡು ನಾಟಕ. ಆ ಹತ್ತರಲ್ಲಿ ಆರಾದರೂ 1900ಕ್ಕೆ ಹಿಂದಿನವು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಮತ್ತು ಪೊಯೆಟ್ರಿ ಫೌಂಡೇಶನ್ ತಾಣಗಳಲ್ಲಿ ಬೇಕಾದ್ದೆಲ್ಲ ಪುಕ್ಕಟೆ ಇದೆ. ಮೊದಲ ನಾಲ್ಕು ವಾರ ಪ್ರಶ್ನೆಪತ್ರಿಕೆ ಮುಟ್ಟಬೇಡಿ. ತುಣುಕನ್ನು ಎರಡು ಸಲ ಓದಿ, ಪ್ರತಿ ಉದ್ದ ವಾಕ್ಯದ ಕರ್ತೃಪದಕ್ಕೂ ಕ್ರಿಯಾಪದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆಯಲಿ. ಪ್ರತಿ ಸರ್ವನಾಮದಿಂದ ಅದು ಸೂಚಿಸುವ ಪದಕ್ಕೆ ಬಾಣದ ಗುರುತು. ಅಂಚಿನಲ್ಲಿ ಮೂರು ಟಿಪ್ಪಣಿ: ಮಾತನಾಡುತ್ತಿರುವವರು ಯಾರು, ಯಾರಿಗೆ, ಮಾತು ಎಲ್ಲಿ ಹೊರಳಿತು. ಆಮೇಲೆ ಇಡೀ ತುಣುಕನ್ನು ಸರಳ ಮಾತಿನಲ್ಲಿ ಬರೆಯಲಿ. ಕನ್ನಡದಲ್ಲಿ ಬರೆದರೂ ಆದೀತು, ಒಂದೇ ಒಂದು ವಾಕ್ಯವನ್ನೂ ಹಾರಿಸಬಾರದು. ಹಾರಿಸಿದ ವಾಕ್ಯವೇ ಅರ್ಥವಾಗದ ವಾಕ್ಯ.

18ನೇ ಶತಮಾನದ ಗದ್ಯ ಎಲ್ಲಕ್ಕಿಂತ ಹೆಚ್ಚು ಹೊಡೆತ ಕೊಡುತ್ತದೆ. ಒಂದು ವಾಕ್ಯ ಎಂಟು ಸಾಲು ಹರಿಯುತ್ತದೆ, ಮುಖ್ಯ ಕ್ರಿಯಾಪದ ಆರನೇ ಸಾಲಿನಲ್ಲಿ ಕೂತಿರುತ್ತದೆ. ಜೊತೆಗೆ ವ್ಯಂಗ್ಯ. ಜೊನಾಥನ್ ಸ್ವಿಫ್ಟ್ 1729ರಲ್ಲಿ ಪ್ರಕಟಿಸಿದ ಎ ಮಾಡೆಸ್ಟ್ ಪ್ರಪೋಸಲ್‌ನ ಮೊದಲ ಹತ್ತು ಪ್ಯಾರಾ ಓದಿಸಿ. ಬಡವರ ಮಕ್ಕಳನ್ನು ಆಹಾರವಾಗಿ ಮಾರಿ ಎಂದು ಲೆಕ್ಕಪತ್ರ ಸಮೇತ ಸಲಹೆ ಕೊಡುವ ಆ ಸಭ್ಯ ಮನುಷ್ಯ ಸ್ವಿಫ್ಟ್ ಅಲ್ಲ, ಸ್ವಿಫ್ಟ್ ಕಟ್ಟಿದ ಪಾತ್ರ. ಬರೆದವರ ನಿಲುವೇನು, ಮಾತನಾಡುವವರ ನಿಲುವೇನು ಎಂದು ಬೇರೆ ಬೇರೆ ಕೇಳಿದರೆ ಉತ್ತರವೂ ಬೇರೆ ಬೇರೆಯೇ. ಇದು ತಿಳಿಯದ ಮಗು ‘ಲೇಖಕ’ ಮತ್ತು ‘ನಿರೂಪಕ’ ಎರಡನ್ನೂ ಒಂದೇ ಎಂದು ಓದುತ್ತದೆ.

ನಾಟಕದ ತುಣುಕಿಗೆ ಒಂದೇ ಕಿವಿಮಾತು. ಹಳೆಯ ನಾಟಕದಲ್ಲಿ ಒಂದು ಪಾತ್ರ ಮಾತಿನ ಮಧ್ಯೆ ‘ಯೂ’ ಬಿಟ್ಟು ‘ದೌ’ ಎನ್ನತೊಡಗಿದರೆ ಅಲ್ಲೇ ನಿಲ್ಲಿ: ನೀವು ಹೋಗಿ ನೀನು ಬಂದಿದೆ, ಸಲಿಗೆಗೋ ತಿರಸ್ಕಾರಕ್ಕೋ. ನಮ್ಮ ಮನೆಯ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ, ಹೇಳಿಕೊಟ್ಟರೆ.

ಐದನೇ ವಾರದಿಂದ ಪ್ರಶ್ನೆಗಳು. ಕಾಲೇಜ್ ಬೋರ್ಡಿನದೇ ಅಧಿಕೃತ ಅಭ್ಯಾಸ ಪುಸ್ತಿಕೆ ಕೊಳ್ಳಿ. ಅದು ಮುಗಿದರೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಇಂಗ್ಲಿಷ್ ಲಿಟರೇಚರ್‌ನ ಕೋರ್ಸ್ ವಿವರಣೆಯಲ್ಲಿರುವ ಮಾದರಿ ಬಹುಆಯ್ಕೆ ಪ್ರಶ್ನೆಗಳನ್ನು ಮಾಡಿ, ಓದುವ ಕ್ರಮ ಅದೇ. ಒಂದು ಪ್ರಶ್ನೆಗೆ ಸಿಗುವುದು 73 ಸೆಕೆಂಡ್, ತುಣುಕು ಓದುವ ಸಮಯವೂ ಸೇರಿ. ಆರು ಪ್ರಶ್ನೆಯ ತುಣುಕಿಗೆ ಏಳು ನಿಮಿಷ ಎಂದು ಗಡಿಯಾರ ಇಟ್ಟುಕೊಳ್ಳಿ: ಎರಡೂವರೆ ನಿಮಿಷ ಓದು, ಉಳಿದದ್ದು ಉತ್ತರ. ಸಮಯ ಉಳಿಸಲು ಪ್ರಶ್ನೆಗಳನ್ನು ಮೊದಲು ಓದಿ ಆಮೇಲೆ ತುಣುಕಿಗೆ ಹೋಗಿ ಎನ್ನುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಕವಿತೆಯ ಮಟ್ಟಿಗೆ ಅದು ಕೆಟ್ಟ ಸಲಹೆ. ಸಾಲು ಸಂಖ್ಯೆ ಹಿಡಿದು ತುಂಡು ತುಂಡಾಗಿ ಓದಿದವರಿಗೆ ಹೊರಳುವ ಜಾಗ ಕಾಣುವುದೇ ಇಲ್ಲ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಧ್ವನಿ, ಭಾವ ಕೇಳುವ ಪ್ರಶ್ನೆಗಳಲ್ಲಿ ಆಯ್ಕೆ ಹೆಚ್ಚಾಗಿ ಜೋಡಿ ಪದ: ‘ಕಹಿ ಮತ್ತು ಹತಾಶೆ’, ‘ಶಾಂತ ಮತ್ತು ವಿಷಾದ’. ಎರಡರಲ್ಲಿ ಒಂದು ಪದ ಸುಳ್ಳಾದರೂ ಇಡೀ ಆಯ್ಕೆ ಹೊಡೆದುಹಾಕಿ. ‘ಎಕ್ಸೆಪ್ಟ್’ (ಇದೊಂದನ್ನು ಬಿಟ್ಟು ಉಳಿದವೆಲ್ಲ ತುಣುಕಿನಲ್ಲಿವೆ, ಯಾವುದದು) ಎಂದು ಮುಗಿಯುವ ಪ್ರಶ್ನೆಯಲ್ಲಿ ಬುದ್ಧಿವಂತ ಮಕ್ಕಳೇ ಹೆಚ್ಚು ಕಳೆದುಕೊಳ್ಳುತ್ತಾರೆ. ಮೊದಲ ಆಯ್ಕೆಯೇ ತುಣುಕಿನಲ್ಲಿ ಕಂಡಿತು, ಗುರುತು ಹಾಕಿದರು, ಮುಗಿಯಿತು.

ತಪ್ಪಾದ ಪ್ರತಿ ಉತ್ತರಕ್ಕೂ ಕಾರಣ ಬರೆದಿಡಲಿ. ವಾಕ್ಯ ಬಿಡಿಸಲಾಗಲಿಲ್ಲ, ಹಳೆಯ ಪದದ ಅರ್ಥ ಗೊತ್ತಿರಲಿಲ್ಲ, ಧ್ವನಿ ತಪ್ಪಿತು, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲ: ಈ ನಾಲ್ಕರಲ್ಲಿ ಒಂದು. ಎರಡು ವಾರದ ಕೊನೆಗೆ ಯಾವ ಕಾಲಂ ಉದ್ದವಾಗಿದೆ ನೋಡಿ, ಅದಕ್ಕೆ ಮಾತ್ರ ಕೆಲಸ ಮಾಡಿ. ಬರೇ ಅಂಕ ಎಣಿಸುತ್ತಾ ಪ್ರಶ್ನೆಪತ್ರಿಕೆ ಮೇಲೆ ಪ್ರಶ್ನೆಪತ್ರಿಕೆ ಮುಗಿಸಿದರೆ ಎಂಟನೇ ವಾರದಲ್ಲೂ ಮೊದಲ ವಾರದ ತಪ್ಪೇ ಇರುತ್ತದೆ.

ಪಾರಿಭಾಷಿಕ ಪದಗಳ ಪಟ್ಟಿ ಬೇಕೇ ಬೇಕು ಎಂದರೆ ಮೂವತ್ತು ನಲವತ್ತು ಸಾಕು: ಬ್ಲಾಂಕ್ ವರ್ಸ್, ಹೀರೋಯಿಕ್ ಕಪ್ಲೆಟ್, ಅಪಾಸ್ಟ್ರಫಿ, ಪರ್ಸಾನಿಫಿಕೇಶನ್, ಮೆಟಾನಮಿ, ಡ್ರಮ್ಯಾಟಿಕ್ ಐರನಿ, ಸಲಿಲಕ್ವಿ ಈ ಮಟ್ಟದವು. ಇನ್ನೂರು ಪದದ ಫ್ಲಾಶ್‌ಕಾರ್ಡ್ ಮಾರುವವರು ನಿಮ್ಮ ಭಯವನ್ನು ಮಾರುತ್ತಿದ್ದಾರೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಗ್ಯಾರಂಟಿ ಪ್ರಶ್ನೆ’ಗಳ ಪಿಡಿಎಫ್ 60 ಡಾಲರ್‌ಗೆ ಸಿಗುತ್ತಿದೆ. ಮಗನಿಗೆ ತೆಗೆದುಕೊಳ್ಳಲೇ? — ಪ್ಲೇನೊ, ಟೆಕ್ಸಸ್

ಬೇಡ. ಸುಳ್ಳಾಗಿದ್ದರೆ 60 ಡಾಲರ್ ಹೋಯಿತು, ನಿಜವಾಗಿದ್ದರೆ ಮಗನ ಅಂಕವೇ ರದ್ದಾಗಬಹುದು.

50 ಬಂದರೆ ಮಗ ಪಾಸು ಅಂತಾರೆ. ಅರ್ಧ ಸರಿ ಮಾಡಿದರೆ ಸಾಕಲ್ಲವೇ? — ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಅಲ್ಲ. ಕ್ಲೆಪ್ ಅಂಕ 20ರಿಂದ 80ರವರೆಗಿನ ಅಳತೆ. ಸರಿಯುತ್ತರದ ಸಂಖ್ಯೆಯನ್ನು ಆ ಅಳತೆಗೆ ಪರಿವರ್ತಿಸುತ್ತಾರೆ. 50 ಎಂಬುದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್‌ನ ಶಿಫಾರಸು, ಶೇಕಡಾವಾರು ಲೆಕ್ಕ ಅಲ್ಲ. ಶಿಫಾರಸನ್ನು ಕಾಲೇಜು ಒಪ್ಪಲೇಬೇಕೆಂದೂ ಇಲ್ಲ.

ಹಾಗಾಗಿ ಓದು ಶುರು ಮಾಡುವ ಮುಂಚೆ, ಶುಲ್ಕ ಕಟ್ಟುವ ಮುಂಚೆ, ಮಗ ಸೇರುವ ಕಾಲೇಜಿನ ತಾಣದಲ್ಲಿ ಪರೀಕ್ಷೆಯಿಂದ ಬರುವ ಕ್ರೆಡಿಟ್‌ನ ಪುಟ ತೆರೆಯಿರಿ. ಈ ಪರೀಕ್ಷೆ ಅಲ್ಲಿ ಇದೆಯೇ, ಕನಿಷ್ಠ ಅಂಕ ಎಷ್ಟು, ಎಷ್ಟು ಕ್ರೆಡಿಟ್, ಯಾವ ಕೋರ್ಸ್ ಸಂಖ್ಯೆಗೆ ಸಮ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಮಗನ ಪದವಿಗೆ ಸಾಹಿತ್ಯದ ಒಂದು ಕಡ್ಡಾಯ ಕೋರ್ಸ್ ಬೇಕಿದ್ದು, ಕ್ಲೆಪ್‌ಗೆ ಬರೇ ‘ಐಚ್ಛಿಕ’ ಕ್ರೆಡಿಟ್ ಕೊಟ್ಟರೆ ಆ ಮೂರು ಕ್ರೆಡಿಟ್ ಅಂಕಪಟ್ಟಿಯಲ್ಲಿ ಕೂತಿರುತ್ತದೆ, ಕೋರ್ಸ್ ಹೇಗೂ ಓದಬೇಕು. ಎಪಿ ಇಂಗ್ಲಿಷ್ ಲಿಟರೇಚರ್‌ನಿಂದ ಅದೇ ಕೋರ್ಸಿನ ಕ್ರೆಡಿಟ್ ಆಗಲೇ ಬಂದಿದ್ದರೆ ಎರಡನೇ ಸಲ ಕೊಡುವುದಿಲ್ಲ. ಪುಟ ಓದಿ ಸುಮ್ಮನಾಗಬೇಡಿ, ರಿಜಿಸ್ಟ್ರಾರ್ ಕಚೇರಿಗೆ ಇಮೇಲ್ ಬರೆದು ಉತ್ತರ ತರಿಸಿ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಹೇಳಿದ್ದಲ್ಲ.

ಮೆಡಿಕಲ್ ಸ್ಕೂಲಿನ ಆಸೆ ಇದ್ದರೆ ಇನ್ನೂ ಎಚ್ಚರ. ಇಂಗ್ಲಿಷ್ ಪೂರ್ವಾರ್ಹತೆಗೆ ಪರೀಕ್ಷೆಯಿಂದ ಬಂದ ಕ್ರೆಡಿಟ್ ಒಪ್ಪದ ಮೆಡಿಕಲ್ ಸ್ಕೂಲುಗಳು ಬೇಕಾದಷ್ಟಿವೆ. ಅಂಥ ಮಕ್ಕಳಿಗೆ ನನ್ನ ಸಲಹೆ, ತರಗತಿಯಲ್ಲಿ ಕೂತು ಓದಿ.

ಅಮೆರಿಕನ್ ಲಿಟರೇಚರ್ ಪರೀಕ್ಷೆಗೂ ಹೀಗೇ ಓದಿದರೆ ಆಗುತ್ತದೆಯೇ? — ಒಬ್ಬ ವಿದ್ಯಾರ್ಥಿನಿ, ರಾಲಿ, ನಾರ್ತ್ ಕೆರೊಲಿನಾ

ಆಗುವುದಿಲ್ಲ. ಅಲ್ಲಿ 90 ನಿಮಿಷಕ್ಕೆ ಸುಮಾರು 100 ಪ್ರಶ್ನೆ, ಕೃತಿ, ಲೇಖಕ, ಕಾಲಘಟ್ಟ ಗೊತ್ತಿರಲೇಬೇಕು. ಹೆಚ್ಚು ತೂಕ ಎರಡು ಕಡೆ: 1830–1870ರ ರೊಮ್ಯಾಂಟಿಕ್ ಘಟ್ಟ ಮತ್ತು 1910–1945ರ ಮಾಡರ್ನಿಸ್ಟ್ ಘಟ್ಟ, ತಲಾ 25 ಶೇಕಡಾ. ಸಮಯ ಕಡಿಮೆ ಇದ್ದರೆ ಎಮರ್ಸನ್, ಹಾಥಾರ್ನ್, ಮೆಲ್ವಿಲ್, ವಿಟ್ಮನ್, ಡಿಕಿನ್ಸನ್ ಅಲ್ಲಿಂದ ಶುರು ಮಾಡಿ. ಇತ್ತೀಚಿನ ಕಾದಂಬರಿಗಳನ್ನು ಪ್ರೀತಿಯಿಂದ ಓದಿಕೊಂಡು ಹೋದವರು ಇಲ್ಲಿ ನಿರಾಶರಾಗುತ್ತಾರೆ, 1945ರ ನಂತರದ್ದು 15 ಶೇಕಡಾ ಮಾತ್ರ.

ಕಾಲೇಜು ‘ಪ್ರಬಂಧ ಭಾಗವೂ ಬೇಕು’ ಎಂದಿದೆ. ಅದು ಏನು? — ಬೋಥೆಲ್, ವಾಷಿಂಗ್ಟನ್

ಬಹುಆಯ್ಕೆಯ ಜೊತೆಗೆ 90 ನಿಮಿಷದಲ್ಲಿ ಬರೆಯುವ ಎರಡು ಪ್ರಬಂಧಗಳು. ಕೆಲವೇ ಕಾಲೇಜುಗಳು ಕೇಳುತ್ತವೆ, ತಿದ್ದುವುದೂ ಆ ಕಾಲೇಜಿನ ಅಧ್ಯಾಪಕರೇ. ಅನಲೈಸಿಂಗ್ ಪರೀಕ್ಷೆಯಲ್ಲಾದರೆ ಒಂದು ಪ್ರಬಂಧ ಕೊಟ್ಟ ಪಠ್ಯದ ಮೇಲೆ, ಇನ್ನೊಂದು ನೀವೇ ಆರಿಸಿಕೊಂಡ ಕೃತಿಯ ಮೇಲೆ. ಆ ಎರಡನೆಯದಕ್ಕೆ ಒಂದು ಕಾದಂಬರಿ, ಒಂದು ನಾಟಕ ಅಂಗೈ ಗೆರೆಯಷ್ಟು ಗೊತ್ತಿರಲಿ, ದೃಶ್ಯ ದೃಶ್ಯವಾಗಿ. ಹತ್ತು ಪುಸ್ತಕದ ಹೆಸರು ಉದುರಿಸಿದರೆ ಅಧ್ಯಾಪಕರು ಮರುಳಾಗುವುದಿಲ್ಲ.

ಹುಬ್ಬಳ್ಳಿಯಿಂದ ಮಗ ಆಗಸ್ಟ್‌ನಲ್ಲಿ ಎಫ್-1 ವೀಸಾದ ಮೇಲೆ ಬಿಎಸ್‌ಗೆ ಹೊರಡುತ್ತಿದ್ದಾನೆ. ಕ್ಲೆಪ್ ಬರೆದು ಮೊದಲ ಸೆಮಿಸ್ಟರ್‌ನಲ್ಲಿ ಎರಡೇ ಕೋರ್ಸ್ ತೆಗೆದುಕೊಂಡರೆ ಫೀಸ್ ಉಳಿಯುತ್ತದೆ ಎನ್ನುತ್ತಾರೆ ಏಜೆಂಟರು, ಹೌದೇ? — ಒಬ್ಬ ತಂದೆ

ಈ ಸಲಹೆ ಕೊಟ್ಟ ಏಜೆಂಟರ ಕಡೆ ಮತ್ತೆ ಹೋಗಬೇಡಿ. ಎಫ್-1 ವಿದ್ಯಾರ್ಥಿ ಪದವಿ ತರಗತಿಯಲ್ಲಿ ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್‌ಗಳಿಗೆ ನೋಂದಾಯಿಸಿಕೊಂಡಿರಬೇಕು. ಕ್ಲೆಪ್‌ನಿಂದ ಬಂದ ಕ್ರೆಡಿಟ್ ಆ 12ರ ಲೆಕ್ಕಕ್ಕೆ ಬರುವುದಿಲ್ಲ. ಎರಡು ಕೋರ್ಸ್ ತೆಗೆದುಕೊಂಡು ಕೂತರೆ ಉಳಿಯುವುದು ಫೀಸ್, ಹೋಗುವುದು ವೀಸಾ ಸ್ಥಿತಿ. ಕ್ಲೆಪ್‌ನಿಂದ ನಿಜವಾಗಿ ಉಳಿಯುವುದಿದ್ದರೆ ಕೊನೆಯಲ್ಲಿ: ಒಟ್ಟು ಕ್ರೆಡಿಟ್ ಬೇಗ ತುಂಬಿ ಒಂದು ಸೆಮಿಸ್ಟರ್ ಮೊದಲೇ ಪದವಿ ಮುಗಿಯಬಹುದು. ಕೋರ್ಸ್ ಕಡಿಮೆ ಮಾಡುವ ಯಾವ ಯೋಚನೆಯನ್ನೂ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿಯನ್ನು ಕೇಳದೆ ಮಾಡಬಾರದು. ಅಣ್ಣನ ಮಗನ ಸ್ನೇಹಿತ ಹೇಳಿದ್ದು ಅಲ್ಲಿ ನಡೆಯುವುದಿಲ್ಲ.

ಶುಲ್ಕ ಕಟ್ಟದೆ ಬರೆಯಬಹುದೇ? — ಹಲವರು

ಬರೆಯಬಹುದು. ಮಾಡರ್ನ್ ಸ್ಟೇಟ್ಸ್ ಎಂಬ ಲಾಭರಹಿತ ಸಂಸ್ಥೆಯ ಉಚಿತ ಆನ್‌ಲೈನ್ ಕೋರ್ಸ್ ಮುಗಿಸಿದವರಿಗೆ ಪರೀಕ್ಷಾ ಶುಲ್ಕದ ವೋಚರ್ ಸಿಗುತ್ತದೆ. ಕೋರ್ಸನ್ನು ವೋಚರ್‌ಗಾಗಿ ಓಡಿಸಿಬಿಡುವವರೇ ಹೆಚ್ಚು. ಹಾಗೆ ಮಾಡಿದರೂ ಸರಿ, ಮೇಲೆ ಹೇಳಿದ ಓದನ್ನು ಮಾತ್ರ ಬಿಡಬೇಡಿ.

ಫೇಲಾದರೆ ಮುಂದಿನ ವಾರವೇ ಮತ್ತೆ ಬರೆಯಬಹುದೇ? — ಸ್ಯಾನ್ ಹೋಸೆ

ಇಲ್ಲ, ಅದೇ ಪರೀಕ್ಷೆಗೆ ಮೂರು ತಿಂಗಳ ಅಂತರ ಬೇಕು. ಆಗಸ್ಟ್‌ನಲ್ಲಿ ಕಾಲೇಜು ಶುರುವಾಗುವುದಾದರೆ ಜುಲೈ ಕೊನೆಗೆ ಮೊದಲ ಪ್ರಯತ್ನ ಇಟ್ಟುಕೊಳ್ಳಬೇಡಿ. ಏಪ್ರಿಲ್‌ನಲ್ಲೇ ಬರೆಯಿರಿ.

ಕನ್ನಡದಲ್ಲಿ ಕ್ಲೆಪ್ ಇದೆಯೇ? — ಕಪರ್ಟಿನೊ

ಇಲ್ಲ. ಭಾಷೆಗಳಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮಾತ್ರ.